ಪುಟ್ಟ ಮಿಲ್ಲಿಂಗ್ ಯಂತ್ರ: ಕೈಪಿಡಿ ಹೇಳದ ಪಾಠ

ಮೇಜಿನ ಮೇಲೆ ಕೂರಿಸಬಹುದಾದ ಪುಟ್ಟ ಮಿಲ್ಲಿಂಗ್ ಯಂತ್ರಗಳು ಈಗ ಕಾಲೇಜುಗಳಿಗೂ ಹವ್ಯಾಸಿಗಳ ಮನೆಗಳಿಗೂ ಬರುತ್ತಿವೆ. ಅವುಗಳೊಂದಿಗೆ ಬರುವ ಕೈಪಿಡಿಗಳು ಸುರಕ್ಷತೆ, ವಿದ್ಯುತ್ ಜೋಡಣೆ, ಎಣ್ಣೆ ಹಾಕುವ ಕ್ರಮ ಇವನ್ನು ಚೆನ್ನಾಗಿಯೇ ವಿವರಿಸುತ್ತವೆ. ಆದರೆ ಯಂತ್ರದ ಹೊಂದಾಣಿಕೆಯ ಮಾತು ಬಂದಾಗ, ನಾನು ನೋಡಿದ ಹೆಚ್ಚಿನವು ರಸಮಟ್ಟ ಇಟ್ಟು ಸಮತಲಗೊಳಿಸಿ ಎಂದಷ್ಟೇ ಹೇಳಿ ಮುಗಿಸುತ್ತವೆ.

ಈ ಸೂಚನೆ ದಾರಿ ತಪ್ಪಿಸುತ್ತದೆ. ರಸಮಟ್ಟ ತೋರಿಸುವುದು ಗುರುತ್ವದ ದಿಕ್ಕಿಗೆ ಟೇಬಲ್ ಹೇಗಿದೆ ಎಂಬುದನ್ನು. ಕತ್ತರಿಸುವ ಕಟರ್‌ಗೆ ಅದರ ಹಂಗಿಲ್ಲ. ಓಲಾಡುವ ಹಡಗಿನ ಕಾರ್ಯಾಗಾರದಲ್ಲೂ ಯಂತ್ರಗಳು ಕೆಲಸ ಮಾಡುತ್ತವೆ. ಮುಖ್ಯವಾದುದು ಸ್ಪಿಂಡಲ್‌ನ ಅಕ್ಷ ಟೇಬಲ್‌ಗೆ ಲಂಬವಾಗಿರುವುದು.

ಇದನ್ನು ಅಳೆಯುವುದು ಸುಲಭ. ಸ್ಪಿಂಡಲ್‌ಗೆ ಒಂದು ತೋಳು ಸಿಕ್ಕಿಸಿ, ಅದರ ತುದಿಗೆ ಡಯಲ್ ಗೇಜ್ ಕಟ್ಟಿ, ಕೈಯಿಂದ ಅರ್ಧ ಸುತ್ತು ತಿರುಗಿಸಿ. 150 ಮಿ.ಮೀ. ಅಂತರದ ಎರಡು ಬಿಂದುಗಳ ನಡುವೆ 0.06 ಮಿ.ಮೀ. ವ್ಯತ್ಯಾಸ ಕಂಡರೆ ಓರೆ 0.0004 ರೇಡಿಯನ್. ಇಷ್ಟಕ್ಕೇ 50 ಮಿ.ಮೀ. ವ್ಯಾಸದ ಕಟರ್, ಓರೆ ಅಡ್ಡಕ್ಕಿದ್ದರೆ, ಪಕ್ಕಪಕ್ಕದ ಸಾಲುಗಳ ನಡುವೆ ಸುಮಾರು 0.02 ಮಿ.ಮೀ. ಮೆಟ್ಟಿಲು ಬಿಡುತ್ತದೆ. ಓರೆ ಚಲನೆಯ ದಿಕ್ಕಿನಲ್ಲಿದ್ದರೆ ಮೇಲ್ಮೈ ತುಸು ತಗ್ಗಾಗುತ್ತದೆ.

ಕೈಪಿಡಿಗಳು ಮರೆಯುವ ಇನ್ನೊಂದು ಸಂಗತಿ: ತಲೆಭಾಗ ಏರಿಳಿಯುವ ಕಂಬವೂ ಲಂಬವಾಗಿರಬೇಕು. ಇದು ಬೇರೆಯೇ ಪರೀಕ್ಷೆ. ಟೇಬಲ್ ಮೇಲೆ ಮೂಲೆಮಟ್ಟ ನಿಲ್ಲಿಸಿ, ಅದರ ಅಂಚಿಗೆ ಗೇಜ್ ತಾಗಿಸಿ ತಲೆಭಾಗವನ್ನು ಏರಿಸಿ ನೋಡಬೇಕು. ಮೊದಲು ಕಂಬದ ಬುಡಕ್ಕೆ ತೆಳು ತಗಡು ಕೊಟ್ಟು ಸರಿಪಡಿಸಿ, ಆಮೇಲೆ ಸ್ಪಿಂಡಲ್, ಕೊನೆಗೆ ವೈಸ್. ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಕೊಡಗಿನಲ್ಲಿ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೇವಕ್ಕೆ ಉಬ್ಬಿ ಡೊಂಕಾಗುವ ಮರದ ಮೇಜಿಗೆ ನಾಲ್ಕು ಮೂಲೆಯಲ್ಲಿ ಬೋಲ್ಟ್ ಬಿಗಿದರೆ ಯಂತ್ರದ ಬುಡವೇ ತಿರುಚಿಕೊಳ್ಳುತ್ತದೆ. ಜೂನ್‌ಗೆ ಮೊದಲು ಸರಿಯಿದ್ದ ಹೊಂದಾಣಿಕೆ ಸೆಪ್ಟೆಂಬರಿಗೆ ಉಳಿದಿರುತ್ತದೆಂಬ ಭರವಸೆಯಿಲ್ಲ, ಮತ್ತೆ ಅಳೆಯಬೇಕು. ಕಾಫಿ ಪಲ್ಪರ್‌ನ ಸವೆದ ಭಾಗವನ್ನು ತಾನೇ ಮಾಡಲು ಹೊರಟ ಹುಡುಗ, ತುಂಡು ಓರೆಯಾದರೆ ತನ್ನ ಕೈಯನ್ನೇ ದೂರಿಕೊಳ್ಳುತ್ತಾನೆ. ಯಂತ್ರ ಬಟ್ಟೆ ಹೊದ್ದು ಮೂಲೆ ಸೇರುತ್ತದೆ.

ಈ ಅರಿವು ಹೊಸದೇನಲ್ಲ. ಬರ್ಲಿನ್ನಿನ ಪ್ರಾಧ್ಯಾಪಕ ಗೇಯೋರ್ಗ್ ಶ್ಲೆಸಿಂಗರ್ ಯಂತ್ರೋಪಕರಣಗಳ ಪರೀಕ್ಷಾ ಕ್ರಮವನ್ನು 1927ರಲ್ಲೇ ಪುಸ್ತಕವಾಗಿ ತಂದರು. 1953ರಲ್ಲಿ ಎಚ್.ಎಂ.ಟಿ. ಆರಂಭವಾದ ಬೆಂಗಳೂರೂ ನಮ್ಮದೇ. ಹೀಗಿದ್ದೂ ಕೈಪಿಡಿಯ ಒಂದು ಸಾಲಿಗೆ ನಾವು ತೃಪ್ತರಾಗುವುದೇಕೆ? ಉಪಾಧ್ಯಾಯರು ಯಂತ್ರವನ್ನು ತಾವೇ ಹೊಂದಿಸಿ ಮಕ್ಕಳ ಕೈಗೆ ಕೊಡಬೇಕಿಲ್ಲ. ಡಯಲ್ ಗೇಜನ್ನೇ ಕೊಡಲಿ. ಲಂಬ, ಕೋನ, ದೋಷದ ಪ್ರಮಾಣ ಇವೆಲ್ಲ ಮೊದಲ ತುಂಡು ಕತ್ತರಿಸುವ ಮುನ್ನವೇ ಅರ್ಥವಾಗುತ್ತವೆ.