ಜೀವಕೋಶದ ಸಂಕೇತವಹನವೂ ಗಣಕದ ಉಪಮಾನವೂ

1985ರಲ್ಲಿ ಡೇವಿಡ್ ಗೆಲರ್ನ್‌ಟರ್ ಎಂಬ ವಿದ್ವಾಂಸರು ಲಿಂಡಾ ಎಂಬ ಗಣಕಪದ್ಧತಿಯನ್ನು ವಿವರಿಸಿದರು. ಅದರಲ್ಲಿ ಕಾರ್ಯಕಾರಿಗಳು ಪರಸ್ಪರ ಪರಿಚಯವಿಲ್ಲದೆಯೇ ಒಂದು ಸಾಧಾರಣ ಸ್ಥಾನದಲ್ಲಿ ಸಂದೇಶಗಳನ್ನು ಇರಿಸುವುವು. ತಮಗೆ ಹೊಂದುವುದನ್ನು ಅಲ್ಲಿಂದ ಎತ್ತಿಕೊಳ್ಳುವುವು. 2009ರಲ್ಲಿ ಇಟಲಿಯ ವಿರೋಲಿ, ಕಸದೇಯಿ ಎಂಬವರು ಆ ಸಂದೇಶಗಳಿಗೆ ರಸಾಯನದ್ರವ್ಯಗಳಂತೆ ಸಾಂದ್ರತೆಯನ್ನೂ, ಅವುಗಳ ವ್ಯವಹಾರಕ್ಕೆ ರಸಾಯನಕ್ರಿಯೆಗಳಂತೆ ವೇಗವನ್ನೂ ಕಲ್ಪಿಸಿದರು. ಬಳಿಕ ಇದೇ ಮಾದರಿಯಿಂದ ಜೀವಕೋಶದೊಳಗಣ ಸಂಕೇತವಹನವನ್ನು ಅನುಕರಿಸುವ ಪ್ರಯತ್ನವೂ ನಡೆಯಿತು.

ಹೀಗೆ ಮೊದಲು ಉಪಮಾನವಾಗಿದ್ದ ಜೀವಕೋಶವು ಬಳಿಕ ಉಪಮೇಯವಾಯಿತು. ಇದನ್ನು ಆಲಂಕಾರಿಕರು ಉಪಮೇಯೋಪಮೆ ಎನ್ನುವರು. ಕಾವ್ಯದಲ್ಲಿ ಇದು ಭೂಷಣವೇ ಸರಿ, ಶಾಸ್ತ್ರದಲ್ಲಾದರೋ ವಿಚಾರಣೀಯವು. ಕೊಟ್ಟ ನಿಯಮವನ್ನೇ ಹಿಂದಕ್ಕೆ ಪಡೆದರೆ ಸಾದೃಶ್ಯವು ಕಾಣುವುದರಲ್ಲಿ ಆಶ್ಚರ್ಯವೇನು?

ಮೊದಲು ಗುಣವನ್ನು ಹೇಳುವುದು ನ್ಯಾಯ. ಬೆಳವಣಿಗೆಯ ಸಂಕೇತವು ಕೋಶದ ಪೊರೆಯಲ್ಲಿರುವ ರಾಸ್ ಎಂಬ ಪ್ರೋಟೀನಿನಿಂದ ರಾಫ್, ಮೆಕ್, ಎರ್ಕ್ ಎಂಬವುಗಳ ಮೂಲಕ ಕೋಶಕೇಂದ್ರವನ್ನು ಸೇರುವುದು. ಪೊರೆ, ಕೋಶರಸ, ಕೇಂದ್ರ ಇವುಗಳನ್ನು ಬೇರೆ ಬೇರೆ ಸ್ಥಾನಗಳೆಂದು ಎಣಿಸಲು ಈ ಮಾದರಿಯಲ್ಲಿ ಅನುಕೂಲವಿದೆ. 1977ರಲ್ಲಿ ಗಿಲೆಸ್ಪಿಯವರು ನಿರೂಪಿಸಿದ ಕ್ರಮದಂತೆ, ಮುಂದಿನ ಕ್ರಿಯೆ ಯಾವುದು, ಎಂದು ಎಂಬುದನ್ನು ಅಣುಸಂಖ್ಯೆಗೆ ಅನುಗುಣವಾದ ಸಂಭಾವ್ಯತೆಯಿಂದ ಇಲ್ಲಿ ನಿರ್ಣಯಿಸಬಹುದು. ಅಣುಗಳು ವಿರಳವಾಗಿರುವೆಡೆಯಲ್ಲಿ ಸರಾಸರಿಯ ಸಮೀಕರಣಕ್ಕಿಂತ ಇದು ಮೇಲು.

ಆದರೆ ಆ ಕ್ರಮವು ಪ್ರತಿಯೊಂದು ಸ್ಥಾನದೊಳಗೂ ಅಣುಗಳು ಸಮವಾಗಿ ಬೆರೆತಿರುವುವೆಂದು ಭಾವಿಸುವುದು. ಕೋಶದ ಸ್ವಭಾವವು ಹಾಗಿಲ್ಲ. ರಾಸ್ ಅಣುಗಳು ಪೊರೆಯಲ್ಲಿ ಗುಂಪುಗೂಡುವುವು. ರಾಫ್, ಮೆಕ್, ಎರ್ಕ್‌ಗಳನ್ನು ಒಟ್ಟಿಗೆ ಹಿಡಿದಿಡುವ ಆಧಾರಪ್ರೋಟೀನುಗಳೂ ಉಂಟು. ಇಂಥ ಆಧಾರವು ಮಿತಿಮೀರಿದರೆ ಸಂಕೇತವು ಕುಗ್ಗುವುದೆಂದು 2000ದಲ್ಲಿ ಲೆವ್ಚೆಂಕೊ, ಬ್ರಕ್, ಸ್ಟರ್ನ್‌ಬರ್ಗ್ ಇವರು ಗಣಿತದಿಂದ ತೋರಿಸಿದರು; ಆಗ ಒಂದೊಂದು ಅಣುವೂ ಬೇರೆ ಬೇರೆ ಆಧಾರಗಳಲ್ಲಿ ಸಿಕ್ಕಿಬೀಳುವುದೇ ಕಾರಣ. ಈ ಸಂಯೋಗಗಳನ್ನೂ ಮಾದರಿಯಲ್ಲಿ ಸೇರಿಸಬಹುದು, ನಿಜ. ಆದರೆ ಅವುಗಳನ್ನು ಒದಗಿಸುವುದು ಪ್ರಯೋಗಶಾಲೆಯೇ ಹೊರತು ಉಪಮಾನವಲ್ಲ.

ಇದು ಕೇವಲ ವಾಗ್ವಾದವಲ್ಲ. ವಿಕೃತವಾದ ರಾಸ್ ಆರಿಹೋಗದೆ ಉರಿಯುತ್ತಲೇ ಇದ್ದು ಅನೇಕ ವಿಧದ ಅರ್ಬುದರೋಗಗಳಿಗೆ ಕಾರಣವಾಗುವುದು. ಅಂಥ ಒಂದು ವಿಕೃತಿಯ ಮೇಲೆ ನೇರವಾಗಿ ವರ್ತಿಸುವ ಸೊಟೊರಾಸಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ದೊರೆಯಿತು. ರೋಗಿಯ ಪ್ರಾಣವು ಪಣವಾಗಿರುವೆಡೆ ಗಣಕದ ಉತ್ತರವನ್ನು ಪ್ರಮಾಣವೆಂದು ಕೊಳ್ಳುವ ಮುನ್ನ ಪರೀಕ್ಷೆಯು ಅವಶ್ಯಕ. ಗೋವಿನಂತಿರುವುದು ಗವಯವೆಂದು ಕೇಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸಬಲ್ಲನು. ಅದು ಕರೆಯುವ ಹಾಲಿನ ಅಳತೆಯನ್ನು ಗೋವನ್ನು ನೋಡಿ ಹೇಳಲಾರನು. ಈ ಮಾದರಿಯು ಎಲ್ಲಿ ಹುಡುಕಬೇಕೆಂಬುದನ್ನು ತೋರುವ ಮಟ್ಟಿಗೆ ಆದರಣೀಯ. ಹುಡುಕಿ ಕಂಡುದಾಯಿತೆನ್ನುವ ಮಟ್ಟಿಗೆ ಅಲ್ಲ.