ದೋರಗಾಯಿಯ ಪರ ಒಂದು ವಕಾಲತ್ತು

ಮುಂದಿನ ವಾರ ನಾಸಪತಿಯ ಅಡುಗೆ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಹೇಳಿ ಕೈತೊಳೆದುಕೊಂಡಿದ್ದೆ. ಹಾಗೆ ಹೇಳುವಾಗ ಬುಧವಾರ ಬಹಳ ದೂರವಿತ್ತು. ಈಗ ಬುಧವಾರ ಬಂದಿದೆ, ಸುದ್ದಿಮನೆಯಿಂದ ಫೋನೂ ಬಂದಿದೆ. ನಾಸಪತಿ ಮಾತ್ರ ಕೊಪ್ಪಳದ ರೈಲು ಹಳಿಯ ಆಚೆ, ನಮ್ಮ ಭಾಗ್ಯನಗರದ ಹಣ್ಣಿನಂಗಡಿಯಲ್ಲಿ, ಬಿಳಿ ಜಾಳಿಗೆಯ ಅಂಗಿ ತೊಟ್ಟು, ಹೊರದೇಶದ ಸ್ಟಿಕರ್ ಹಚ್ಚಿಕೊಂಡು, ಮುಟ್ಟಿದವರ ಕಡೆ ನೋಡದೆ ಕೂತಿದೆ. ಈ ಊರಿನಿಂದ ಕೂದಲು ಹೊರದೇಶಕ್ಕೆ ಹೋಗುತ್ತದೆ, ಹೊರದೇಶದಿಂದ ಹಣ್ಣು ಈ ಊರಿಗೆ ಬರುತ್ತದೆ. ಈ ವ್ಯಾಪಾರದಲ್ಲಿ ಬೋಳಾದವರು ಯಾರು ಎಂಬುದನ್ನು ಬೆಲೆ ಕೇಳಿದವರೇ ಹೇಳಬೇಕು.

ಕೊಟ್ಟ ಮಾತು ಮೊದಲು ತೀರಿಸುತ್ತೇನೆ. ನಾಸಪತಿಯನ್ನು ಒಲೆಯ ಮೇಲೆ ಇಡುವುದು ಹೊಸ ಹೋಟೆಲಿನವರ ಹುಚ್ಚು ಎಂದು ತಿಳಿದವರು ರೋಮನ್ನರ ಅಡುಗೆ ಪುಸ್ತಕವನ್ನು ನೋಡಬೇಕು. ಅಪಿಸಿಯಸ್ ಎಂಬವನ ಹೆಸರಿನಲ್ಲಿ ಉಳಿದುಬಂದ ಆ ಸಂಗ್ರಹದ ನಾಲ್ಕನೆಯ ಭಾಗದಲ್ಲಿ ನಾಸಪತಿಯ ಒಂದು ಪಾಕವಿದೆ. ನಾನು ಬೇಸರವಾದಾಗಲೆಲ್ಲ ತೆಗೆದು ಓದುವ ಪಾಕ ಅದು. ಹಣ್ಣನ್ನು ಬೇಯಿಸಿ, ನಡುವಿನ ಗಟ್ಟಿ ಭಾಗ ತೆಗೆದು, ಅರೆಯಬೇಕು. ಅದಕ್ಕೆ ಕರಿಮೆಣಸು, ಜೀರಿಗೆ, ಜೇನುತುಪ್ಪ, ಒಣದ್ರಾಕ್ಷಿಯ ಸಿಹಿ ಮದ್ಯ, ಮೀನಿನ ಉಪ್ಪುನೀರು, ಒಂದಿಷ್ಟು ಎಣ್ಣೆ ಕೂಡಿಸಬೇಕು. ಮೊಟ್ಟೆ ಹಾಕಿ ಗಟ್ಟಿಯಾಗಿಸಬೇಕು. ಇಳಿಸಿದ ಮೇಲೆ ಮತ್ತೆ ಮೆಣಸಿನ ಪುಡಿ ಉದುರಿಸಿ ಬಡಿಸಬೇಕು. ಎರಡು ಸಲ ಮೆಣಸು! ಅದೂ ಮಲಬಾರಿನಿಂದ ಹಡಗೇರಿ ಹೋದ ಮೆಣಸು. ಮೀನು, ಮದ್ಯ, ಮೊಟ್ಟೆ ತೆಗೆದಿಟ್ಟು ನೋಡಿ: ಮೆಣಸು, ಜೀರಿಗೆ, ಎಣ್ಣೆ, ಸಿಹಿ, ಉಪ್ಪು. ಯಲಬುರ್ಗಾದ ಯಾವ ಅಜ್ಜಿಯೂ ಇದಕ್ಕೆ ಮೂಗು ಮುರಿಯಲಾರಳು.

ಹಣ್ಣು ಹಸಿಯಾಗಿ ತಿಂದರೆ ಹೊಟ್ಟೆಗೆ ಭಾರ, ಬೇಯಿಸಿದರೆ ಹಿತ ಎಂಬ ಮಾತನ್ನು ಅದೇ ರೋಮಿನ ಪ್ಲಿನಿ ನಾಸಪತಿಯನ್ನು ಕುರಿತೇ ಬರೆದಿದ್ದಾನೆ. ಉತ್ತರ ಜರ್ಮನಿಯ ಹ್ಯಾಂಬರ್ಗ್ ಕಡೆ ಇಂದಿಗೂ ನಾಸಪತಿ, ಹಸಿ ಬೀನ್ಸ್, ಹೊಗೆಗೆ ಕಟ್ಟಿದ ಹಂದಿಮಾಂಸ ಮೂರನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ಅದಕ್ಕೆ ಅವರು ಆರಿಸುವುದು ತಿನ್ನುವ ಹಣ್ಣನ್ನಲ್ಲ, ಹಲ್ಲು ಕೂರದ ಸಣ್ಣ ಗಟ್ಟಿ ಕಾಯಿಯನ್ನು. ಕಾಶ್ಮೀರಿಗಳು ನಾಸಪತಿಯ ದಾಯಾದಿಯಾದ ಬಮ್‌ಚೂಂಠ್ ಎಂಬ ಹುಳಿ-ಒಗರು ಹಣ್ಣನ್ನು ಬದನೆಕಾಯಿಯ ಜೊತೆ ಬೇಯಿಸುತ್ತಾರೆ. ಬದನೆಕಾಯಿ ಅಂದಕೂಡಲೆ ನಮ್ಮವರ ಕಿವಿ ನೆಟ್ಟಗಾಗಬೇಕು.

ಹ್ಯಾಂಬರ್ಗಿನಲ್ಲೂ ಕಾಶ್ಮೀರದಲ್ಲೂ ಒಲೆ ಹತ್ತುವುದು ಗಟ್ಟಿ ಹಣ್ಣು. ಪೂರ್ತಿ ಮಾಗದ ಗಟ್ಟಿ ಹಣ್ಣಿಗೆ ನಮ್ಮ ಕಡೆ ದೋರಗಾಯಿ ಅನ್ನುತ್ತಾರೆ. ಮಳೆಗಾಲದಲ್ಲಿ ಪಂಜಾಬಿನಿಂದ ಬರುವ ಗಟ್ಟಿ ನಾಸಪತಿ ಇದೆಯಲ್ಲ, ಪತ್ಥರ್‌ನಾಖ್, ಹೆಸರಲ್ಲೇ ಕಲ್ಲು ಕಟ್ಟಿಕೊಂಡದ್ದು, ಅದು ಪಲ್ಯಕ್ಕೆ ಒದಗುತ್ತದೆ. ಈಗ ಅಂಗಡಿಯಲ್ಲಿ ಕೂತಿರುವ ಮೆತ್ತನೆಯ ವಿದೇಶಿ ಹಣ್ಣು ಒದಗುವುದಿಲ್ಲ. ಕಡಾಯಿಗೆ ಬಿದ್ದ ಕೂಡಲೆ ನೀರು ಬಿಡುತ್ತದೆ, ಒಗ್ಗರಣೆಯ ಖಾರ ಒಂದು ಕಡೆ, ಹಣ್ಣಿನ ರಸ ಒಂದು ಕಡೆ ನಿಲ್ಲುತ್ತದೆ. ಹೆಚ್ಚಿದ್ದನ್ನು ಉಪ್ಪುನೀರಿನಲ್ಲಿ ಹಾಕದಿದ್ದರೆ ಒಲೆ ಹಚ್ಚುವುದರೊಳಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಾಸಪತಿಗೆ ಇಷ್ಟು ಸಾಕು.

ಯಾಕೆಂದರೆ ಅದೇ ಅಂಗಡಿಯ ಮುಂದೆ, ನೆಲದ ಮೇಲೆ ಬುಟ್ಟಿ ಇಟ್ಟುಕೊಂಡು ಒಬ್ಬ ತಾಯಿ ಪೇರಲ ಮಾರುತ್ತಿದ್ದಳು. ಚಳಿ ಬಿದ್ದಿದೆ. ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂತು. ಪೇರಲಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಇಂಥ ಹೊತ್ತಿನಲ್ಲಿ ಸ್ಟಿಕರ್ ಹಣ್ಣಿನ ಬಗ್ಗೆ ಸಾವಿರದೈನೂರು ಪದ ಬರೆದರೆ ಆ ತಾಯಿಯ ಬುಟ್ಟಿಗೆ ಅವಮಾನ. ಮೇಲಾಗಿ ಇವೆರಡೂ ದೂರದವೇನಲ್ಲ. ಕುಲ ಬೇರೆಯಾದರೂ ಕಚ್ಚಿದರೆ ಹಲ್ಲಿಗೆ ಸಣ್ಣ ಮರಳು ಸಿಕ್ಕ ಹಾಗೆ ಆಗುವುದು ನಾಸಪತಿಯಲ್ಲೂ ಪೇರಲದಲ್ಲೂ ಇದೆ. ಅದು ಮಣ್ಣಲ್ಲ, ಹಣ್ಣಿನದೇ ಕಲ್ಲುಕೋಶಗಳು. ನಾಸಪತಿಯಲ್ಲಿ ಅವು ನಡುವಿನ ಬೀಜದ ಸುತ್ತ ಗುಂಪುಗಟ್ಟುತ್ತವೆ, ಪೇರಲದಲ್ಲಿ ಸಿಪ್ಪೆಯ ಕೆಳಗೆ ಹೆಚ್ಚು. ರೋಮಿನವನು ನಡುವನ್ನು ತೆಗೆಯಿರಿ ಎಂದದ್ದಕ್ಕೂ, ನಾನು ಕೆಳಗೆ ಹೇಳಲಿರುವ ಹಾಗೆ ಪೇರಲದ ಸಿಪ್ಪೆಯನ್ನು ತೆಳ್ಳಗೆ ಹೆರೆಯುವುದಕ್ಕೂ ಕಾರಣ ಅದೇ.

ಈ ಅಂಕಣವನ್ನು ಬಹಳ ದಿನದಿಂದ ಓದುವವರಿಗೆ ಗೊತ್ತು, ನನಗೂ ಒಂದು ಪಂಥಕ್ಕೂ ಹಳೆಯ ತಂಟೆಯಿದೆ. ಹಣ್ಣು ಒಲೆ ಹತ್ತಬಾರದು, ಹತ್ತಿದರೆ ಅದು ನಮ್ಮ ಅಡುಗೆಯೇ ಅಲ್ಲ ಎನ್ನುವ ಪಂಥ. ಒಂದು ಮದುವೆಯ ಊಟದ ಸಾಲಿನಲ್ಲಿ ಈ ಪಂಥದ ಹಿರಿಯರೊಬ್ಬರು ನನ್ನ ಪಕ್ಕ ಕೂತಿದ್ದರು. ಪೇರಲದ ಪಲ್ಯದ ಮಾತು ಬಂದದ್ದೇ ತಡ, ಎಲೆಯ ಮೇಲಿನ ಕೈ ನಿಲ್ಲಿಸಿ, “ಹಣ್ಣಿನ ಪಲ್ಯ ಅಂತ್ರೀ! ನಾಳೆ ಬಾಳೆಹಣ್ಣಿನ ಸಾರು ಮಾಡಂತೀರಿ ನೀವು. ನಮ್ಮ ಹಿರ್ಯಾರು ಮಾಡಿದ್ದಲ್ಲ ಬಿಡ್ರಿ” ಎಂದರು. ನಾನು ಸುಮ್ಮನಾದೆ, ಯಾಕೆಂದರೆ ಅವರು ಹಾಗೆನ್ನುತ್ತ ನಂಜಿಕೊಳ್ಳುತ್ತಿದ್ದದ್ದು ಶೇಂಗಾ ಹಿಂಡಿ.

ಪೇರಲ ಅಮೆರಿಕ ಖಂಡದ ಉಷ್ಣ ಸೀಮೆಯ ಗಿಡ. ಪೋರ್ಚುಗೀಸರ ಕಾಲದಲ್ಲಿ ಹಡಗೇರಿ ಇಲ್ಲಿಗೆ ಬಂತು. ಮೆಣಸಿನಕಾಯಿಯೂ ಅಲ್ಲಿಂದಲೇ, ಶೇಂಗಾವೂ ಅಲ್ಲಿಂದಲೇ. ಅಂದರೆ ಗವಿಮಠದ ಮಹಾದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಣ್ಣುವ ಆ ತಾಟಿನ ಮಿರ್ಚಿ ಭಜಿಯೂ ಶೇಂಗಾ ಚಟ್ನಿಯೂ ಪೇರಲದ ಜೊತೆಗಾರರೇ. ಮಿರ್ಚಿಯನ್ನು ಹಿರಿಯರ ಪಂಕ್ತಿಗೆ ಸೇರಿಸಿಕೊಂಡವರು ಪೇರಲವನ್ನು ಹೊರಗೆ ನಿಲ್ಲಿಸುವುದು ಯಾವ ನ್ಯಾಯ? ಮಂಗರಸನ ‘ಸೂಪಶಾಸ್ತ್ರ’ 16ನೇ ಶತಮಾನದ ಆರಂಭದ್ದು. ಕಲ್ಲಹಳ್ಳಿಯ ಆ ಜೈನ ಪ್ರಭು ಷಟ್ಪದಿಯಲ್ಲಿ ಕೂತು ಬದನೆ, ಬಾಳೆ, ಹಲಸುಗಳ ಪಾಕಗಳನ್ನು ಸಾಲುಸಾಲಾಗಿ ಹೇಳಿದವನು. ಅವನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇಲ್ಲ, ಕರಿಮೆಣಸಿದೆ. ಪೇರಲವಿಲ್ಲ, ಆದರೆ ಬಾಳೆ, ಹಲಸು ಒಲೆ ಹತ್ತಿವೆ. ಹಿರಿಯರು ಅಂದರೆ ಎಷ್ಟು ಹಿರಿಯರು ಎಂದು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಪಂಕ್ತಿಯಲ್ಲಿ ಮಾತಾಡಬೇಕು.

ಇನ್ನು ಆ ಪಂಥದವರೇ ಬಸ್‌ಸ್ಟ್ಯಾಂಡಿನಲ್ಲಿ ಪೇರಲವನ್ನು ನಾಲ್ಕು ಸೀಳು ಮಾಡಿಸಿ, ಉಪ್ಪು-ಖಾರ ಹಚ್ಚಿಸಿಕೊಂಡು ತಿನ್ನುತ್ತಾರೆ. ಪಲ್ಯ ಅಲ್ಲಿಗೆ ಮುಕ್ಕಾಲು ಆಗಿಹೋಗಿದೆ. ಉಳಿದದ್ದು ಒಂದು ಚಮಚ ಎಣ್ಣೆ, ಚಿಟಿಕೆ ಇಂಗು.

ಎರಡನೆಯ ಜಗಳ ತೈವಾನ್ ಪೇರಲದ ಜೊತೆ. ಸಣ್ಣ ಗಿಡ, ಒತ್ತೊತ್ತಾಗಿ ನಾಟಿ, ವರ್ಷವಿಡೀ ಕಾಯಿ. ಬೆಳೆಗಾರನಿಗೆ ಅನುಕೂಲ ಎನ್ನುವುದನ್ನು ಒಪ್ಪುತ್ತೇನೆ, ಅವನ ಹೊಟ್ಟೆಯ ಮೇಲೆ ನನ್ನ ನಾಲಿಗೆಯ ದರ್ಬಾರು ನಡೆಯಬಾರದು. ಆದರೆ ಅಂಗೈ ತುಂಬುವ ಆ ಕಾಯಿಯನ್ನು ಕಚ್ಚಿದರೆ ಕರಂ ಎನ್ನುವ ಸದ್ದು ಬರುತ್ತದೆ, ಆಮೇಲೆ ಮೂಗಿಗೆ ಏನೂ ಬರುವುದಿಲ್ಲ. ಪೇರಲ ಎಂದರೆ ಚೀಲ ತಂದು ಮೂಲೆಯಲ್ಲಿಟ್ಟರೆ ಪಡಸಾಲೆಯಲ್ಲಿ ಕೂತವರಿಗೆ ಗೊತ್ತಾಗಬೇಕು. ಅಲಹಾಬಾದ್ ಸಫೇದಾಕ್ಕೆ ಆ ವಾಸನೆ ಇದೆ. 1927ರಲ್ಲಿ ಪುಣೆಯ ಗಣೇಶಖಿಂಡದಲ್ಲಿ ಡಾ. ಚೀಮಾ ಆರಿಸಿದ ಸರ್ದಾರ್, ಅಂದರೆ ಲಖನೌ-49, ಅದಕ್ಕೂ ಇದೆ. ಹೆಸರು ಲಖನೌದ್ದು, ಹುಟ್ಟು ಪುಣೆಯದು ಎಂಬುದನ್ನು ಬಲ್ಲವರು ಕಡಿಮೆ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮೃದುಲಾಕ್ಕೆ ಬೀಜ ಮೆತ್ತಗೆ, ಅರ್ಕಾ ಕಿರಣ್‌ಗೆ ಒಳಗೆಲ್ಲ ಕೆಂಪು. ಆ ಕೆಂಪು ಟೊಮೆಟೊದಲ್ಲಿರುವ ಲೈಕೋಪೀನ್, ಬೇಯಿಸಿದರೂ ಬಣ್ಣ ಬಿಡುವುದಿಲ್ಲ. ಕೊನೆಗೆ ಹೇಳಲಿರುವ ಹಲ್ವಕ್ಕೆ ಅದನ್ನೇ ಇಟ್ಟುಕೊಳ್ಳಿ.

ತಳಿಗಿಂತ ಕಾಲ ದೊಡ್ಡದು. ಮಳೆಗಾಲದ ಪೇರಲ ನೀರುನೀರು, ಹುಳವೂ ಹೆಚ್ಚು. ಬಲ್ಲ ರೈತರು ಬೇಸಿಗೆಯಲ್ಲಿ ಗಿಡಕ್ಕೆ ನೀರು ನಿಲ್ಲಿಸಿ ಎಲೆ ಉದುರಿಸುತ್ತಾರೆ, ಮುಂಗಾರಿಗೆ ಹೊಸ ಚಿಗುರಿನ ಜೊತೆ ಹೂವು ಬಂದು ಕಾಯಿ ಚಳಿಗೆ ಸಿಗುವ ಹಾಗೆ ನೋಡಿಕೊಳ್ಳುತ್ತಾರೆ. ನೀರಿಲ್ಲದೆ ಒಣಗಿಸುವುದು ಈ ಸೀಮೆಗೆ ಕಲಿಸಬೇಕಾದ ವಿದ್ಯೆಯಲ್ಲ.

ಈಗ ಪಲ್ಯ. ಅಂಗಡಿಯಲ್ಲಿ ಹಸಿರು ತಿಳಿಯಾಗಿ ಹಳದಿಗೆ ತಿರುಗುತ್ತಿರುವ, ಹೆಬ್ಬೆರಳು ಒತ್ತಿದರೆ ತಗ್ಗು ಬೀಳದ ಕಾಯಿ ಆರಿಸಿ. ಪೂರ್ತಿ ಹಸಿರಾದರೆ ಒಗರು, ಪೂರ್ತಿ ಹಳದಿಯಾದರೆ ಮುದ್ದೆ. ಸಿಪ್ಪೆ ತೆಳ್ಳಗೆ ಹೆರೆದು ಬದಿಗಿಡಿ, ಎಸೆಯಬೇಡಿ. ನಾಲ್ಕು ಸೀಳು ಮಾಡಿ ಬೀಜದ ತಿರುಳನ್ನು ಚಮಚದಿಂದ ಬೇರೆ ತೆಗೆಯಿರಿ. ಪೇರಲದ ಬೀಜ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ, ಹಾಗೆಂದು ತಿರುಳನ್ನು ಚೆಲ್ಲಿದರೆ ಪಲ್ಯದ ಜೀವವೇ ಹೋಯಿತು. ಅರ್ಧ ಲೋಟ ನೀರು ಹಾಕಿ ಕಿವುಚಿ, ಜರಡಿಯಲ್ಲಿ ತಿಕ್ಕಿ, ಬರುವ ಗಟ್ಟಿ ರಸವನ್ನು ಇಟ್ಟುಕೊಳ್ಳಿ. ಹೋಟೆಲಿನವರು ಕಾರ್ನ್‌ಫ್ಲೋರ್ ಹಾಕಿ ಮಾಡುವ ಕೆಲಸವನ್ನು ಈ ರಸ ಪುಕ್ಕಟೆ ಮಾಡುತ್ತದೆ, ಯಾಕೆಂದರೆ ಪೇರಲದಲ್ಲಿ ಪೆಕ್ಟಿನ್ ಬಹಳ.

ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಇಂಗು, ಕರಿಬೇವು. ಹೋಳು ಹಾಕಿ ಅರಿಶಿನ, ಉಪ್ಪು ಹಚ್ಚಿ ಎರಡು ನಿಮಿಷ ಕೈಯಾಡಿಸಿ. ಕೆಂಪು ಖಾರ ಹಾಕಿ. ರಸ ಸುರಿದು, ಮೇಲೆ ನೀರು ತುಂಬಿದ ತಾಟು ಮುಚ್ಚಿ. ಹೋಳಿಗೆ ಚಾಕುವಿನ ತುದಿ ಇಳಿದರೂ ಅಂಚು ಮುರಿಯಬಾರದು, ಆಗ ಇಳಿಸುವುದು. ಕಡೆಗೆ ಗುರೆಳ್ಳ ಪುಡಿ. ಶೇಂಗಾ ಪುಡಿ ಹಾಕುವವರ ಮೇಲೆ ನನಗೆ ದ್ವೇಷವಿಲ್ಲ, ಆದರೆ ಶೇಂಗಾ ತಾನೂ ಸಿಹಿ, ಪೇರಲವೂ ಸಿಹಿ, ಇಬ್ಬರೂ ಒಂದೇ ಮಾತಾಡುತ್ತಾರೆ. ಗುರೆಳ್ಳಿನ ಕಹಿ ಬಂದರೆ ಪಂಚಾಯ್ತಿ ಕೂಡುತ್ತದೆ. ಬೆಲ್ಲ ಹಾಕಬೇಡಿ. ಹುಣಸೆ ಬೇಕಾದರೆ ಬೆರಳು ಅದ್ದಿದಷ್ಟು.

ಕುಷ್ಟಗಿ, ಯಲಬುರ್ಗಾ ಕಡೆ ಇದನ್ನು ಗಟ್ಟಿಯಾಗಿಯೇ ಇಳಿಸಬೇಕು. ಕೈಯಲ್ಲಿ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ ಇದ್ದಾಗ ನೀರಾದ ಪಲ್ಯ ತಾಟಿನ ತುಂಬ ಹರಿದಾಡಿ ಮಾನ ಕಳೆಯುತ್ತದೆ. ಕುಷ್ಟಗಿ ದಾಳಿಂಬೆ ಸಿಕ್ಕರೆ ಹಿಡಿ ಕಾಳು ಮೇಲೆ ಉದುರಿಸಿ, ಬೇಯಿಸಬೇಡಿ. ಗಂಗಾವತಿಗೆ ಹೋದರೆ ಲೆಕ್ಕ ಬೇರೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆ ನೆಲದ ತಾಟಿಗೆ ಅನ್ನ ಏರಿತು, ಅನ್ನಕ್ಕೆ ಕಲಸಲು ಸಡಿಲವಾದ ಗೊಜ್ಜು ಬೇಕು. ಅದೇ ಪಲ್ಯಕ್ಕೆ ಇನ್ನೊಂದು ಲೋಟ ನೀರು, ಹುಣಸೆ ರಸ, ಹುರಿದ ಎಳ್ಳಿನ ಪುಡಿ ಸೇರಿದರೆ ಗೊಜ್ಜಾಯಿತು.

ಗೊಜ್ಜಿಗಿಂತ ಹೆಚ್ಚಿನದು ಕ್ಯಾಂಪುಗಳಲ್ಲಿದೆ. ಕಾಲುವೆಯ ನೀರಿನ ಬೆನ್ನಿಗೇ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು. ಅವರಿಗೆ ಪೇರಲ ಜಾಮಕಾಯ, ಜಾಮಕಾಯ ಅಂದಮೇಲೆ ಪಚ್ಚಡಿ. ದೋರಗಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ, ಹುರಿದ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಜೊತೆ ಒರಳಲ್ಲಿ ತರಿತರಿಯಾಗಿ ಕುಟ್ಟಿ, ಮೇಲೆ ಒಗ್ಗರಣೆ. ಬಿಸಿ ಅನ್ನ, ತುಪ್ಪ. ಮಿಕ್ಸಿಗೆ ಹಾಕಿದರೆ ಬೀಜ ಪುಡಿಯಾಗಿ ಪಚ್ಚಡಿ ಮರಳಾಗುತ್ತದೆ, ಒರಳಲ್ಲಿ ಬೀಜ ಇಡಿಯಾಗಿ ಉಳಿದು ಗಂಟಲಲ್ಲಿ ಇಳಿದುಹೋಗುತ್ತದೆ. ಆ ಪಚ್ಚಡಿಯನ್ನು ನಾನು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದದ್ದನ್ನು ಕಂಡು ಕ್ಯಾಂಪಿನ ಅಕ್ಕ, “ಅನ್ನಕ್ಕ ಹಾಕ್ಕೊಳ್ರಿ ಅಣ್ಣಾ, ರೊಟ್ಟಿಗಿ ಇದು ಸರಿ ಬರಂಗಿಲ್ಲ” ಎಂದು ನಕ್ಕಳು. ಅವಳಲ್ಲೂ ಒಂದು ಪಂಥವಿತ್ತು. ಅವಳ ಜೊತೆ ನಾನು ಜಗಳಕ್ಕೆ ಹೋಗಲಿಲ್ಲ, ಇನ್ನೊಂದು ಚಮಚ ಪಚ್ಚಡಿ ಬೇಕಾಗಿತ್ತು.

ಸಿಹಿಗೆ ಜಾಗ ಉಳಿದಿಲ್ಲವಾದ್ದರಿಂದ ಬೇಗ ಹೇಳುತ್ತೇನೆ. ಗೋವೆಯವರು ಕ್ರಿಸ್ಮಸ್ಸಿಗೆ ಮಾಡುವ ಪೆರಾಡ್ ನಮ್ಮ ಹಲ್ವದ ಅಣ್ಣ. ಮಾಗಿದ ಹಣ್ಣಿನ ಜರಡಿ ಹಿಡಿದ ತಿರುಳು, ಸುಮಾರು ಅಷ್ಟೇ ತೂಕದ ಸಕ್ಕರೆ, ನಿಂಬೆರಸ, ದಪ್ಪ ತಳದ ಪಾತ್ರೆ, ಸಣ್ಣ ಉರಿ. ತಳ ಬಿಟ್ಟು ಒಂದೇ ಮುದ್ದೆಯಾಗಿ ಸುತ್ತತೊಡಗಿದಾಗ ತುಪ್ಪ ಸವರಿದ ತಾಟಿಗೆ ಹಾಕಿ, ಮರುದಿನ ಕತ್ತರಿಸಿ. ಏಲಕ್ಕಿ ಹಾಕಿದರೆ ಪೇರಲದ ವಾಸನೆ ಹಿಂದೆ ಸರಿಯುತ್ತದೆ, ಹಾಕಬೇಡಿ.

ಬದಿಗಿಟ್ಟ ಸಿಪ್ಪೆ ಮತ್ತು ಜರಡಿಯಲ್ಲಿ ಉಳಿದ ಬೀಜ ನೆನಪಿರಲಿ. ಅವನ್ನು ಮುಳುಗುವಷ್ಟು ನೀರಲ್ಲಿ ಅರ್ಧ ಗಂಟೆ ಕುದಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿ ತೂಗುಹಾಕಿ. ಇಳಿದ ರಸಕ್ಕೆ ಸಕ್ಕರೆ, ನಿಂಬೆ ಸೇರಿಸಿ ಕುದಿಸಿದರೆ ಜೆಲ್ಲಿ. ಬಟ್ಟೆಯನ್ನು ಹಿಂಡಬಾರದು, ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ. ನಮ್ಮ ಮನೆಯಲ್ಲಿ ರಸ ಹಾಳಾಗುತ್ತದೆಂದು ಬೆಳಗ್ಗೆ ಎದ್ದು ಹಿಂಡುವವರು ಒಬ್ಬರಿದ್ದಾರೆ. ಜೆಲ್ಲಿ ಮಬ್ಬಾಗಿಯೇ ಆಗುತ್ತದೆ, ಶೀಸೆ ಮಾತ್ರ ಸಂಕ್ರಾಂತಿಯವರೆಗೂ ಉಳಿಯುವುದಿಲ್ಲ.