ಕಾಡಿನದೆಲ್ಲ ಮೈಗೆ ತಂಪೇ?

ಶೃಂಗೇರಿಗೆ ಬರುವ ಯಾತ್ರಿಕರಿಗಾಗಿ ತೆರೆದ ಅಂಗಡಿಗಳ ಮುಂದೆ ನಡೆದರೆ ಮಲೆನಾಡೇ ಡಬ್ಬಿಯೊಳಗೆ ಸೇರಿಕೊಂಡಂತೆ ಕಾಣುತ್ತದೆ. ಅರಿಶಿನದ ಸಾಬೂನು, ಬ್ರಾಹ್ಮಿ ಎಣ್ಣೆ, ಲೋಳೆಸರದ ಮುಲಾಮು. ಚೀಟಿಯ ಮೇಲೊಂದು ಹಸಿರೆಲೆ, ಅದರ ಕೆಳಗೆ 'ಶುದ್ಧ ನೈಸರ್ಗಿಕ, ಕೆಮಿಕಲ್ ಇಲ್ಲ' ಎಂಬ ಬರಹ. ಕೊಪ್ಪ, ನರಸಿಂಹರಾಜಪುರದ ಫ್ಯಾನ್ಸಿ ಅಂಗಡಿಗಳಲ್ಲೂ ಇದೇ ಮಾತು. ಇದನ್ನೊಂದು ಕೃತಿಯಂತೆ ಓದಿ ನೋಡಬೇಕೆಂದು ನಮಗನ್ನಿಸಿತು. ಯಾಕೆಂದರೆ ಇಷ್ಟು ಜನ ಓದುವ, ಓದಿ ನಂಬುವ ಗದ್ಯ ನಮ್ಮಲ್ಲಿ ಬೇರೆ ಇರಲಿಕ್ಕಿಲ್ಲ.

ಈ ವಾಕ್ಯ ಬರೆದವರು ಮಲೆನಾಡಿನ ಕಾಡಿಗೆ ಕಾಲಿಟ್ಟವರಲ್ಲ ಎಂಬುದು ಮೊದಲ ಓದಿಗೇ ಗೊತ್ತಾಗುತ್ತದೆ. ಇಲ್ಲಿನ ಅಜ್ಜಿಯರು ಒಡೆದ ಹಿಮ್ಮಡಿಗೆ ಮುರುಗಲು ತುಪ್ಪ ಹಚ್ಚುತ್ತಿದ್ದರು. ಬೀಜ ಕುಟ್ಟಿ, ಬೇಯಿಸಿ ತೆಗೆದ ಆ ಗಟ್ಟಿ ಕೊಬ್ಬೇ ಇಂದು 'ಕೋಕಂ ಬಟರ್' ಎಂಬ ಹೆಸರು ಹೊತ್ತು ದುಬಾರಿ ಕ್ರೀಮುಗಳಲ್ಲಿ ಕೂತಿದೆ. ಒಳ್ಳೆಯ ವಸ್ತು, ಅನುಮಾನವಿಲ್ಲ. ಆದರೆ ಅದೇ ಅಜ್ಜಿ ಕಾಡುಗೇರಿನ ಮರದ ಹತ್ತಿರ ಸುಳಿಯಬೇಡಿ ಎಂದು ಮೊಮ್ಮಕ್ಕಳನ್ನು ಗದರುತ್ತಿದ್ದಳು. ಅದರ ಸೊನೆ ತಾಗಿದರೆ ಮೈ ಬಾತು ಗುಳ್ಳೆಯೇಳುತ್ತದೆ. ತುರುಚೆ ಸೊಪ್ಪಿನ ಮಾತಂತೂ ಬೇಡ. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಬೆರಳು ನೋಡಿ. ಹಸಿ ಅಡಿಕೆಯ ಚೊಗರಿಗೆ ಕಪ್ಪಾದ ಚರ್ಮ ಎಷ್ಟು ತೊಳೆದರೂ ಬೇಗ ತಿಳಿಯಾಗುವುದಿಲ್ಲ. ಅದೂ ನೂರಕ್ಕೆ ನೂರು ನೈಸರ್ಗಿಕವೇ.

ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು ಮದರಂಗಿ. ಎಲೆ ಅರೆದು ಹಚ್ಚಿದ ಮದರಂಗಿ ಗಂಟೆಗಟ್ಟಲೆ ಕಾಯಿಸುತ್ತದೆ. ಮೊದಲು ಕಿತ್ತಳೆ, ಒಂದೆರಡು ದಿನ ಕಳೆದ ಮೇಲೆ ಕೆಂಗಂದು. ಕಪ್ಪು ಬಣ್ಣ ಅದರ ಜಾಯಮಾನದಲ್ಲೇ ಇಲ್ಲ. ಪೇಟೆಯ ಕೆಲವು ಕೋನ್‌ಗಳು ಅರ್ಧ ಗಂಟೆಯಲ್ಲಿ ಕಪ್ಪಾಗುವುದು ಪಿಪಿಡಿ, ಅಂದರೆ ಪ್ಯಾರಾಫಿನೈಲಿನ್ ಡೈಅಮೀನ್ ಬೆರೆಸಿದಾಗ. ಅದು ತಲೆಗೂದಲಿನ ಡೈಯಲ್ಲಿ ಬಳಸುವ ರಾಸಾಯನಿಕ. ಒಮ್ಮೆ ಈದ್‌ನ ಹಿಂದಿನ ರಾತ್ರಿ ನಮ್ಮ ಮನೆಯ ಹುಡುಗಿಯೊಬ್ಬಳು ಅಂಥ ಕೋನ್ ಹಚ್ಚಿಕೊಂಡಳು. ಹಬ್ಬ ಕಳೆದು ಎರಡು ದಿನಕ್ಕೆ ಬಿಡಿಸಿದ ಬಳ್ಳಿಯ ಗೆರೆಗುಂಟ ನೀರುಗುಳ್ಳೆಗಳೆದ್ದವು. ಚರ್ಮ ಹೀಗೆ ಒಮ್ಮೆ ಮುನಿದರೆ ಮುಂದೆ ಕೂದಲಿಗೆ ಡೈ ಹಚ್ಚಿದಾಗಲೂ ಮುನಿಯುತ್ತದೆ. ಕೋನಿನ ಮೇಲೆ 'ಹರ್ಬಲ್' ಎಂದಿತ್ತು. ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ. 2020ರ ಸೌಂದರ್ಯವರ್ಧಕ ನಿಯಮಗಳು ಕೇಳುವುದು ಇವನ್ನೇ. ಇವುಗಳ ಜಾಗದಲ್ಲಿ ಒಂದು ಎಲೆಯ ಚಿತ್ರ ಬಂದು ಕೂತಿದೆ.

ಸುರ್ಮಾದ ಕತೆಯೂ ಬೇರೆಯಲ್ಲ. ಕಲ್ಲಿನಿಂದ ಬಂದದ್ದು ಎಂದೇ ನಂಬಿಕೆ, ನಿಜವೂ ಹೌದು. ಆದರೆ ಪೇಟೆಯಲ್ಲಿ ಸಿಗುವ ಎಷ್ಟೋ ಸುರ್ಮಾಗಳಲ್ಲಿರುವುದು ಸೀಸದ ಅದಿರು. ಮಗು ಕಣ್ಣುಜ್ಜಿ ಬೆರಳನ್ನು ಬಾಯಿಗಿಡುತ್ತದೆ, ಸೀಸ ರಕ್ತ ಸೇರುತ್ತದೆ.

ಹಾಗೆಂದು ಕಾರ್ಖಾನೆಯ ಪರ ನಾವು ವಕಾಲತ್ತು ವಹಿಸಿಲ್ಲ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2023ರಲ್ಲಿ ಮೂತ್ರಪಿಂಡದ ರೋಗಿಗಳನ್ನು ವಿಚಾರಿಸುತ್ತ ಹೋದ ವೈದ್ಯರು ಕೊನೆಗೆ ಮುಟ್ಟಿದ್ದು ಬಿಳಿಯಾಗಿಸುವ ಕ್ರೀಮುಗಳನ್ನು. ಅವುಗಳಲ್ಲಿ ಪಾದರಸವಿತ್ತು. ಕಪ್ಪು ಮೈಯನ್ನು ತಪ್ಪೆಂದು ಹೇಳಿಕೊಟ್ಟ ಜಾಹೀರಾತಿಗೂ ಈ ಪಾಪದಲ್ಲಿ ಪಾಲಿದೆ ಎನ್ನುವುದು ನಮ್ಮ ಅಭಿಪ್ರಾಯ. ಅಂದಹಾಗೆ, ಪಾದರಸವೂ ನೆಲದೊಳಗಿನಿಂದಲೇ ಬರುತ್ತದೆ!

ಈ ಮೂರು ತಾಲೂಕುಗಳಲ್ಲಿ 'ಕೆಮಿಕಲ್ ಇಲ್ಲ' ಎಂಬ ಮಾತು ಬರೀ ಸೌಂದರ್ಯದ ವಿಚಾರವಾಗಿ ಉಳಿದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಲ್ಲಿಗೂ ಬಂದಿದೆ. 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಾವೂ ಆಯಿತು. ಹಳೆಯ ಲಸಿಕೆ ಸಾಲದೆಂದು 2022ರಲ್ಲಿ ನಿಂತುಹೋಯಿತು. ಈ ಕಾಯಿಲೆಗೆಂದೇ ಔಷಧವಿಲ್ಲ. ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ದಾರಿ. ಅದಕ್ಕಾಗಿ ಆರೋಗ್ಯ ಇಲಾಖೆ ಹಂಚುವುದು ಡೆಪಾ ಎಣ್ಣೆ; ಮೊದಲು ಡಿಎಂಪಿ ಎಣ್ಣೆ ಇತ್ತು. ಡೆಪಾ ಎಲ್ಲಿಯೂ ಬೆಳೆಯುವುದಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆಯ ಗ್ವಾಲಿಯರ್ ಪ್ರಯೋಗಾಲಯದಲ್ಲಿ ರೂಪುಗೊಂಡ ಅಪ್ಪಟ ಕೃತಕ ವಸ್ತು ಅದು.

ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರು ಅದನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಬೇಕು. ಹಲವರು ಹಚ್ಚುವುದಿಲ್ಲ. ಜಿಗುಟು, ವಾಸನೆ ಎನ್ನುತ್ತಾರೆ. ಅದು ಸುಳ್ಳಲ್ಲ, ಬಿಸಿಲಲ್ಲಿ ಬೆವರುತ್ತ ದುಡಿಯುವವರ ಕಷ್ಟ ನೆರಳಲ್ಲಿ ಕೂತು ಬರೆಯುವ ನಮಗೆ ಪೂರ್ತಿ ತಿಳಿಯದು. ಈಚೆಗೆ ಇನ್ನೊಂದು ಕಾರಣವೂ ಸೇರಿದೆ: 'ಅದು ಕೆಮಿಕಲ್ಲಂತೆ, ಚರ್ಮ ಹಾಳಾಗುತ್ತದಂತೆ.' ಈ ಮಾತನ್ನು ಅವರಿಗೆ ಕಲಿಸಿದ್ದು ಸಾಬೂನಿನ ಹೊದಿಕೆ. ಎಣ್ಣೆ ಕೊಟ್ಟುಹೋದ ಆಶಾ ಕಾರ್ಯಕರ್ತೆ ಮುಂದಿನ ಸುತ್ತಿನಲ್ಲಿ ಬಂದಾಗ ಬಾಟಲಿ ತುಂಬಿದಂತೆಯೇ ಬಚ್ಚಲ ಕಿಟಕಿಯಲ್ಲಿರುತ್ತದೆ, ಅದರ ಪಕ್ಕದಲ್ಲಿ ಅರ್ಧ ಸವೆದ ಬೇವಿನ ಸಾಬೂನು.